ನಮ್ಮನೆ ಮುದ್ದು: ಎರಡು ಮೊಲ, ಒಂದು ಗೂಡು

ಮಕ್ಕಳೇ, ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಜಗಳ ನಡೆಯಿತು. ಜಗಳವಾಡಿದವರು ಮನುಷ್ಯರಲ್ಲ, ಎರಡು ಮೊಲಗಳು.

ಹರಿಹರದಲ್ಲಿರುವ ನನ್ನ ತಂಗಿಯ ಮನೆಯವರು ಒಂದು ತಿಂಗಳು ಊರಿಗೆ ಹೊರಟಿದ್ದರು. ಅವಳ ಮಗ ತನ್ನ ಕಂದು ಮೊಲ ಗುಂಡನನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ತಂದ. ನಮ್ಮಲ್ಲಿ ಆಗಲೇ ಬೆಳ್ಳಿ ಎಂಬ ಬಿಳಿ ಮೊಲವಿತ್ತು. ಎರಡೂ ಗಂಡು, ಎರಡಕ್ಕೂ ಏಳೆಂಟು ತಿಂಗಳು. “ದೊಡ್ಡಮ್ಮ, ಪಾಪ ಬೆಳ್ಳಿ ಒಂದೇ ಇದೆ. ಜೊತೆ ಆಗುತ್ತೆ” ಎಂದ. ನಾನೂ ಹೂಂ ಎಂದೆ. ಗುಂಡನನ್ನು ಬೆಳ್ಳಿಯ ಗೂಡಿನೊಳಗೇ ಬಿಟ್ಟೆವು.

ಐದು ನಿಮಿಷವೂ ಆಗಿರಲಿಲ್ಲ. ಒಂದನ್ನೊಂದು ಅಟ್ಟಿಸಿಕೊಂಡು ಸುತ್ತಿದವು, ಹಿಂಗಾಲಿನಿಂದ ಒದ್ದವು, ಗೂಡಿನ ತುಂಬ ಕೂದಲು ಹಾರಿತು. ಬಿಡಿಸಲು ಹೋದ ನನ್ನ ಬೆರಳಿಗೂ ಹಲ್ಲು ತಾಗಿತು. ಬೆಳ್ಳಿಯ ಕಿವಿ ಹರಿದಿತ್ತು. ಹುಡುಗ ಅಳುತ್ತಾ ಕೇಳಿದ: “ದೊಡ್ಡಮ್ಮ, ನಮ್ಮ ಗುಂಡ ಕೆಟ್ಟವನಾ?”

ಅದಕ್ಕೆ ಉತ್ತರ ಕೊಟ್ಟವರು ಪಶುವೈದ್ಯರು. ಗಾಯ ತೊಳೆದು ಔಷಧ ಹಚ್ಚುತ್ತಾ, “ಕೆಟ್ಟವನಲ್ಲ ಮರಿ. ಬೆಳ್ಳಿಯ ಕಣ್ಣಿಗೆ ಗುಂಡ ನೆಂಟನಲ್ಲ, ಮನೆಗೆ ನುಗ್ಗಿದ ಕಳ್ಳ. ಗುಂಡನಿಗೋ ಓಡಿಹೋಗಲು ಜಾಗವೇ ಇರಲಿಲ್ಲ. ಇಬ್ಬರೂ ಹೆದರಿದ್ದರು, ಅಷ್ಟೇ” ಎಂದರು.

ನಾವು ಮನೆಯಲ್ಲಿ ಸಾಕುವ ಮೊಲಗಳ ಮೂಲ ಯುರೋಪಿನ ಕಾಡುಮೊಲ. ಬಿಲ ತೋಡಿ ಗುಂಪಾಗಿ ಬಾಳುವ ಜಾತಿ ಅದು. ಗದ್ದದ ಕೆಳಗೆ ವಾಸನೆಯ ಗ್ರಂಥಿ ಇರುತ್ತದೆ. ಅದನ್ನು ಅಲ್ಲಲ್ಲಿ ಉಜ್ಜಿ ‘ಇದು ನಮ್ಮ ಜಾಗ’ ಎಂದು ಗುರುತು ಹಾಕುತ್ತವೆ. ಬೇರೆ ವಾಸನೆಯ ಮೊಲ ಬಂದರೆ ಓಡಿಸುತ್ತವೆ. ಬಯಲಿನಲ್ಲಾದರೆ ಸೋತದ್ದು ಓಡಿ ಬದುಕುತ್ತದೆ. ಗೂಡಿನಲ್ಲಿ ಎಲ್ಲಿಗೆ ಓಡಬೇಕು? ನಾಲ್ಕರಿಂದ ಆರು ತಿಂಗಳಿಗೆ ಗಂಡುಮೊಲ ಪ್ರಾಯಕ್ಕೆ ಬರುತ್ತದೆ. ಆಗ ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರೂ ಕಚ್ಚಾಡುವುದುಂಟು.

ಮೊಲಗಳು ಜಗಳಕ್ಕೆ ಬಿದ್ದರೆ ನನ್ನ ಹಾಗೆ ಬರಿಗೈ ಹಾಕಬೇಡಿ. ದಪ್ಪ ಟವೆಲ್ ಮೇಲೆ ಹಾಕಿ, ದೊಡ್ಡವರನ್ನು ಕರೆಯಿರಿ. ಬೇರೆ ಮಾಡಿದ ಮೇಲೆ ಕೂದಲು ಸರಿಸಿ ಮೈಯೆಲ್ಲ ನೋಡಬೇಕು. ಕಚ್ಚಿದ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಕೀವು ಕಟ್ಟಬಹುದು. ಮೊಲ ನೋವನ್ನು ತೋರಿಸಿಕೊಳ್ಳುವುದಿಲ್ಲ. ಅರ್ಧ ದಿನ ಏನೂ ತಿನ್ನದಿದ್ದರೆ ತಡಮಾಡದೆ ವೈದ್ಯರ ಬಳಿ ಒಯ್ಯಿರಿ.

ವೈದ್ಯರ ಮಾತಿನಂತೆ ಎರಡು ಗೂಡು ಮಾಡಿದೆವು. ಒಂದರ ಮೂಗು ಇನ್ನೊಂದಕ್ಕೆ ಸಿಗದಷ್ಟು ಅಂತರ ಬಿಟ್ಟು, ನೆರಳಿನಲ್ಲಿ ಅಕ್ಕಪಕ್ಕ ಇಟ್ಟೆವು. ದಿನಾ ಬೆಳಿಗ್ಗೆ ಇವನ ಗೋಣಿಚೀಲ ಅವನಿಗೆ, ಅವನದು ಇವನಿಗೆ ಹಾಸುವುದು ಹುಡುಗರ ಕೆಲಸ. ಹುಲ್ಲು, ನೀರು ಇಬ್ಬರಿಗೂ ಒಂದೇ ಹೊತ್ತಿಗೆ. ಮೊದಲ ವಾರ ಗೋಣಿ ಮೂಸಿ ಕಾಲು ಬಡಿಯುತ್ತಿದ್ದವು. ಆಮೇಲೆ ಅದರ ಮೇಲೇ ಮಲಗತೊಡಗಿದವು.

“ಇನ್ನು ಒಟ್ಟಿಗೆ ಬಿಡಬಹುದಾ?” ಎಂದು ಹುಡುಗ ದಿನಾ ಕೇಳುತ್ತಿದ್ದ. ಬೇಡ ಎಂದೆ. ಪ್ರಾಯದ ಎರಡು ಗಂಡುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗದೆ ಒಟ್ಟಿಗೆ ಬಿಡಬಾರದು. ಅದಾದ ಮೇಲೂ ಸಿಟ್ಟು ಇಳಿಯಲು ಕೆಲವು ವಾರ ಬೇಕು. ಆನಂತರ ಇಬ್ಬರಿಗೂ ಹೊಸದಾದ ಜಾಗದಲ್ಲಿ, ದೊಡ್ಡವರು ಪಕ್ಕದಲ್ಲಿದ್ದು, ಹತ್ತು ನಿಮಿಷ ಬಿಟ್ಟು ನೋಡಬೇಕು. ಕಿವಿ ಹಿಂದಕ್ಕೆ ಒತ್ತಿ ಬಾಲ ಎತ್ತಿದರೆ ಆ ದಿನಕ್ಕೆ ಸಾಕು. ಒಂದು ಇನ್ನೊಂದರ ತಲೆ ನೆಕ್ಕಿದರೆ ಗೆಳೆತನ ಶುರು. ಗಂಡಿಗೆ ಹೆಣ್ಣು ಜೊತೆ ಮಾಡುತ್ತೇನೆ ಎನ್ನುವವರೂ ಮೊದಲು ವೈದ್ಯರನ್ನು ಕೇಳಿ. ಸುಮಾರು 31 ದಿನಕ್ಕೆ ಗೂಡಿನ ತುಂಬ ಮರಿಗಳಾದೀತು! ಕೆಲವು ಮೊಲಗಳಿಗಂತೂ ಎಷ್ಟು ಮಾಡಿದರೂ ಹೊಂದಿಕೆಯಾಗುವುದಿಲ್ಲ. ಅಂಥವು ಬೇರೆ ಬೇರೆಯಾಗಿಯೇ ಇರಲಿ.

ರಜೆ ಮುಗಿಯುವ ಹೊತ್ತಿಗೆ ಗುಂಡ, ಬೆಳ್ಳಿ ಗೆಳೆಯರಾಗಲಿಲ್ಲ. ಆದರೆ ಮಧ್ಯಾಹ್ನ ತಮ್ಮ ತಮ್ಮ ಜಾಲರಿಯ ಪಕ್ಕ ಕಾಲು ಚಾಚಿ ಮಲಗುತ್ತಿದ್ದವು. ಹೆದರಿದ ಮೊಲ ಹಾಗೆ ಮಲಗುವುದಿಲ್ಲ. ಹುಡುಗ ಹರಿಹರಕ್ಕೆ ಹೊರಡುವಾಗ ಬೆಳ್ಳಿಯ ಗೋಣಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡ. “ಇದು ಯಾಕೋ?” ಎಂದೆ. “ಗುಂಡನಿಗೆ ಅಭ್ಯಾಸ ತಪ್ಪಬಾರದು ದೊಡ್ಡಮ್ಮ, ದಸರಾ ರಜೆಗೆ ಮತ್ತೆ ಬರ್ತೀವಲ್ಲ!”