ಗೇಟಿಲ್ಲದ ಹೊಳೆಗೆ ಕಾವಲು ಯಾರು?

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಹೊಳೆಸಾಲು, ಗುಡ್ಡದಡಿ, ಕಡಲಂಚಿನ ಎಲ್ಲ ಕೇರಿ, ಕೊಪ್ಪ, ಮಜರೆಗಳ ಜನರಿಗೆ ಒಂದು ಕರೆ



ಮೃಗಶಿರಾ ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಸರಿಮಾಡುತ್ತೇವೆ. ಕಟ್ಟಿಗೆ ಒಳಗೆ ಹಾಕುತ್ತೇವೆ. ಒಣಮೀನು, ಹಪ್ಪಳ, ಉಪ್ಪಿನಕಾಯಿ ತುಂಬಿಸಿಡುತ್ತೇವೆ. ನಾಲ್ಕು ತಿಂಗಳ ಮಳೆಗೆ ಮನೆ ಸಜ್ಜಾಗುತ್ತದೆ. ಊರು ಸಜ್ಜಾಗಿದೆಯೇ ಎಂದು ಕೇಳಲು ಈ ಕರಪತ್ರ.

2017ರ ಜೂನ್‌ನಲ್ಲಿ ಕುಮಟಾ ತಾಲೂಕಿನ ತಂಡ್ರಕುಳಿಯಲ್ಲಿ ಗುಡ್ಡ ಜಾರಿ ಮಕ್ಕಳು ಸತ್ತರು. 2022ರ ಆಗಸ್ಟ್ ಮೊದಲ ವಾರ, ಪುಷ್ಯ ಮಳೆಯ ಕೊನೆಯಲ್ಲಿ, ಭಟ್ಕಳದಲ್ಲಿ 24 ಗಂಟೆಯೊಳಗೆ 500 ಮಿ.ಮೀ. ಮೀರಿ ಮಳೆ ಸುರಿಯಿತು. ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ದರೆ ಕುಸಿದು ಒಂದೇ ಕುಟುಂಬದ 4 ಜನ ಹೋದರು. 2024ರ ಜುಲೈ 16ರ ಬೆಳಿಗ್ಗೆ ಪಕ್ಕದ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಇಳಿದು, ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ನೂಕಿತು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು, ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಹೊಡೆಯಿತು. ಮುಳುಗಿದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಗುಡ್ಡ ತಮ್ಮ ಕಡೆಗಿಲ್ಲ, ತಮಗೇನೂ ಆಗದು ಎಂದುಕೊಂಡಿದ್ದ ಉಳುವರೆಯವರಂತೆ ದೀವಗಿ, ಮಿರ್ಜಾನ, ಗೇರುಸೊಪ್ಪೆಯ ಆಚೀಚೆ ದಂಡೆಗಳಲ್ಲಿ ನಾವು ಎಷ್ಟು ಜನ ಇದ್ದೇವೆ?

ಪ್ರತಿ ಸಲವೂ ನಡೆಯುವುದು ಒಂದೇ ಬಗೆ. ಮಂತ್ರಿಗಳು ಬರುತ್ತಾರೆ, ಪರಿಹಾರದ ಚೆಕ್ ಬರುತ್ತದೆ, ಜೆಸಿಬಿ ಬರುತ್ತದೆ. ಇವೆಲ್ಲ ಬರುವುದು ಗುಡ್ಡ ಬಿದ್ದ ಮೇಲೆ. ಬೀಳುವ ಹಿಂದಿನ ರಾತ್ರಿ ಆ ಮನೆಯ ಬಾಗಿಲು ತಟ್ಟಿದವರು ಯಾರೂ ಇರಲಿಲ್ಲವಲ್ಲ ಎಂಬುದೇ ನಮ್ಮ ತಕರಾರು.

ಶರಾವತಿಗೆ ಒಂದು ವ್ಯವಸ್ಥೆ ಇದೆ. ಲಿಂಗನಮಕ್ಕಿ ಅಣೆಕಟ್ಟಿನ ಗರಿಷ್ಠ ಮಟ್ಟ 1819 ಅಡಿ. ನೀರು ಅದರ ಹತ್ತಿರ ಬರುತ್ತಿದ್ದಂತೆ ವಿದ್ಯುತ್ ನಿಗಮ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಹಂತ ಹಂತವಾಗಿ ಎಚ್ಚರಿಕೆ ಕೊಡುತ್ತದೆ. ಗೇಟು ತೆಗೆಯುವ ಕೈಯೊಂದಿದೆ, ಆದ್ದರಿಂದ ಹೇಳಲೇಬೇಕಾದ ಬಾಯಿಯೂ ಒಂದಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಅದು ನಮ್ಮ ಹೆಮ್ಮೆ, ಅದಕ್ಕಾಗಿ ಹೋರಾಡಿದವರೂ ನಮ್ಮೊಳಗಿದ್ದಾರೆ. 2024ರಲ್ಲಿ ಇದರ ಅಳಿವೆಗೆ ಜೌಗುಭೂಮಿಗಳ ರಾಮ್ಸರ್ ಪಟ್ಟಿಯ ಮಾನವೂ ಸಿಕ್ಕಿತು. ಆದರೆ ಗೇಟಿಲ್ಲದ ಹೊಳೆಗೆ ಗೇಟು ಕಾಯುವವನೂ ಇಲ್ಲ. ಶಿರಸಿ–ಸಿದ್ದಾಪುರದ ಘಟ್ಟದ ಮೇಲೆ ರಾತ್ರಿ ಸುರಿದದ್ದು ಕೆಲವೇ ತಾಸುಗಳಲ್ಲಿ ನಮ್ಮ ಅಂಗಳಕ್ಕೆ ಬರುತ್ತದೆ. ಕತಗಾಲದಲ್ಲಿ ಚಂಡಿಕಾ ಹೊಳೆ ರಸ್ತೆಗೆ ಹತ್ತಿದಾಗಲೇ ಕುಮಟಾಕ್ಕೆ ಸುದ್ದಿ. ಹೊನ್ನಾವರದ ಗುಂಡಬಾಳಾ ಹೊಳೆಯದ್ದೂ ಇದೇ ಕಥೆ.

ಇದರ ಮೇಲೆ ಸಮುದ್ರದ ಲೆಕ್ಕ ಬೇರೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಿ ಬಂದ ಹೊತ್ತಿಗೇ ಮೇಲಿನ ನೆರೆಯೂ ಇಳಿದರೆ, ತದಡಿಯ ಅಳಿವೆಯಲ್ಲಿ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಹಿಂದಕ್ಕೆ ಬಂದು ಐಗಳಕುರ್ವೆ, ಕೋಡ್ಕಣಿ, ಹೆಗಡೆ, ಮಾಸೂರಿನ ಮನೆಗಳಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಮಳೆ ಮುನ್ಸೂಚನೆಯಲ್ಲಿ ಈ ಕೇರಿವಾರು ಲೆಕ್ಕ ಇರುವುದಿಲ್ಲ. ಇರುವುದು ನಮ್ಮ ಅಂಬಿಗರ ತಲೆಯಲ್ಲಿ, ಬಳಚು ತೆಗೆಯಲು ಇಳಿತ ನೋಡಿ ಹೊರಡುವ ಹೆಂಗಸರ ತಲೆಯಲ್ಲಿ, ಕಗ್ಗದ ಗಜನಿಯಲ್ಲಿ ಜಂತ್ರಡಿಯ ಹಲಗೆ ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎಂದು ಬಲ್ಲ ಹಳಬರ ತಲೆಯಲ್ಲಿ. ವಿಪತ್ತು ನಿರ್ವಹಣೆಯ ಸಭೆಗೆ ಇವರನ್ನು ಯಾರಾದರೂ ಕರೆದಿದ್ದಾರೆಯೇ?

ಹವಾಮಾನ ಇಲಾಖೆ ತನ್ನ ಕೆಲಸ ಮಾಡುತ್ತಿದೆ. ದಿನಕ್ಕೆ 204 ಮಿ.ಮೀ. ಮೀರಿದ ಮಳೆಯ ಸಂಭವ ಕಂಡರೆ ರೆಡ್ ಅಲರ್ಟ್ ಕೊಡುತ್ತದೆ. ಅದು ಜಿಲ್ಲಾಧಿಕಾರಿಗಳಿಗೆ ಮುಟ್ಟುತ್ತದೆ, ತಹಶೀಲ್ದಾರರಿಗೆ ಮುಟ್ಟುತ್ತದೆ, ಪಂಚಾಯ್ತಿಯ ವಾಟ್ಸಾಪ್ ಗುಂಪಿಗೂ ಬರುತ್ತದೆ. ಅಲ್ಲಿಂದ ಮುಂದೆ? ಶಾಲೆಗೆ ರಜೆ ಇದೆಯೋ ಇಲ್ಲವೋ ನೋಡಿ ನಾವು ಮೊಬೈಲ್ ಮಡಚಿಡುತ್ತೇವೆ. ಗುಡ್ಡದಡಿಯ ಕೊಪ್ಪದಲ್ಲಿ ಕರೆಂಟು ಹೋಗಿ, ಟವರ್ ಸತ್ತು, ಎಲ್ಲರೂ ಮಲಗಿರುತ್ತಾರೆ.

ನೋಟಿಸ್ ಕೊಟ್ಟಿದ್ದೆವು, ಜನ ಮನೆ ಬಿಡುವುದಿಲ್ಲ ಎನ್ನುತ್ತಾರೆ ಅಧಿಕಾರಿಗಳು. ಪೂರ್ತಿ ಸುಳ್ಳಲ್ಲ. ಯಾಕೆ ಬಿಡುವುದಿಲ್ಲ ಎಂದು ಒಮ್ಮೆ ಕೂತು ಕೇಳಬೇಕಿತ್ತು. ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ ಇದೆ, ಕಾಳಜಿ ಕೇಂದ್ರದಲ್ಲಿ ಅದಕ್ಕೆ ಜಾಗವಿಲ್ಲ. ಬೀಗ ಮುರಿದರೆ ಕೇಳುವವರಿಲ್ಲ. ಶಾಲೆಯ ಎರಡು ಕೋಣೆಯಲ್ಲಿ ಅರವತ್ತು ಜನ, ಪಾಯಿಖಾನೆ ಒಂದೇ. ಬೆಳೆದ ಹೆಣ್ಣುಮಕ್ಕಳನ್ನು ಕರೆದುಕೊಂಡು ಯಾವ ತಾಯಿ ಅಲ್ಲಿಗೆ ಹೋಗುತ್ತಾಳೆ? ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿಕೊಂಡು ಹೊಳೆಬದಿಯ ಕೆಸರಲ್ಲಿ ನಡೆಯುವವರು ಯಾರು? ಹೋದ ಸಲ ಹೋಗಿದ್ದೆವು, ಏನೂ ಆಗಲಿಲ್ಲ, ಒಂದು ವಾರದ ಕೂಲಿ ಹೋಯಿತು ಎನ್ನುವವರೂ ಇದ್ದಾರೆ. ಇದಾವುದೂ ಹಟವಲ್ಲ, ಬಡವರ ಲೆಕ್ಕಾಚಾರ. ಈ ಲೆಕ್ಕ ಬಗೆಹರಿಸದೆ ನೋಟಿಸ್ ಅಂಟಿಸುವುದು, ನಾಳೆ ಕೋರ್ಟಿನಲ್ಲಿ ತೋರಿಸಲು ಒಂದು ಕಾಗದ ಮಾಡಿಟ್ಟುಕೊಂಡಂತೆ, ಅಷ್ಟೇ.

ಒಡಿಶಾದವರು ಈ ಲೆಕ್ಕ ಬಗೆಹರಿಸಿದರು. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಹತ್ತಿರ ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸತ್ತವರ ಸಂಖ್ಯೆ ಐವತ್ತು ಮುಟ್ಟಲಿಲ್ಲ. ನಡುವಿನ ಹದಿನಾಲ್ಕು ವರ್ಷದಲ್ಲಿ ಅವರು ಆಶ್ರಯ ಕಟ್ಟಡ ಕಟ್ಟಿದರು, ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿದರು, ವರ್ಷ ವರ್ಷ ಅಣಕು ಕಾರ್ಯಾಚರಣೆ ನಡೆಸಿದರು. ಅಲ್ಲಿಯ ಸಮುದ್ರವೇನೂ ಮೆತ್ತಗಾಗಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮೂರಲ್ಲೇ ಹಾದುಹೋಗುವ ಕೊಂಕಣ ರೈಲನ್ನು ನೋಡಿ. 2003ರಲ್ಲಿ ಮಹಾರಾಷ್ಟ್ರದ ವೈಭವವಾಡಿಯ ಹತ್ತಿರ ಹಳಿಗೆ ಬಿದ್ದ ಮಣ್ಣಿಗೆ ರೈಲು ಗುದ್ದಿ ಐವತ್ತರಷ್ಟು ಜನ ಸತ್ತರು. ಈಗ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ಅಪಾಯದ ದರೆಗಳ ಬುಡದಲ್ಲಿ ಹಗಲೂ ರಾತ್ರಿ ಕಾವಲುಗಾರರು ನಡೆಯುತ್ತಾರೆ. ಜೋರು ಮಳೆಯಲ್ಲಿ ಚಾಲಕ ವೇಗವನ್ನು ಗಂಟೆಗೆ 40 ಕಿ.ಮೀ.ಗೆ ಇಳಿಸಬೇಕು. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟಿದ್ದಾರೆ. ಅದೇ ಗುಡ್ಡಸಾಲನ್ನು ಕಡಿದುಕೊಂಡು ಬಂದ ಹೆದ್ದಾರಿ 66ರಲ್ಲಿ ದರೆಯ ಬುಡದಲ್ಲಿ ನಡೆಯುವ ಕಾವಲುಗಾರ ಎಲ್ಲಿ? ಮೇಲೆ ಚಿರೇಕಲ್ಲು, ಅದರ ಕೆಳಗೆ ನೀರು ಕುಡಿದರೆ ಜಾರುವ ಶೇಡಿ ಮಣ್ಣು. ಬಾವಿ ತೋಡಿದ ಯಾವ ಮನುಷ್ಯನಿಗೂ ಗೊತ್ತಿರುವ ವಿಷಯ. ಆ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿ, ಬುಡ ಬಿಡಿಸಿ, ಮೇಲಿನ ನೀರಿಗೆ ಚರಂಡಿಯನ್ನೂ ಮಾಡದೆ ಹೋದರೆ ಅದಕ್ಕೆ ಪ್ರಕೃತಿ ವಿಕೋಪ ಎಂಬ ಹೆಸರು ಸಲ್ಲುವುದಿಲ್ಲ. ಟೋಲ್ ಕೊಡುವವರು ನಾವು. ಕೇಳುವ ಹಕ್ಕೂ ನಮ್ಮದೇ.

ಕಾಯಿದೆ ನಮ್ಮ ಕಡೆಗಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಯೋಜನೆ ಮಾಡಬೇಕು. ಸ್ಥಳೀಯ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ತರಬೇತಿ ಕೊಡಿಸಿ, ಸಲಕರಣೆ ಸಿದ್ಧವಾಗಿ ಇಟ್ಟುಕೊಂಡಿರಬೇಕು. ದುಡ್ಡಿಲ್ಲ ಎಂಬ ಮಾತನ್ನು ಒಪ್ಪಬೇಡಿ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯನ್ನು ಹಂಚುವಾಗ ನೂರರಲ್ಲಿ 20 ಪಾಲನ್ನು ಅಪಾಯ ತಗ್ಗಿಸುವ ಕೆಲಸಕ್ಕೂ, 10 ಪಾಲನ್ನು ಪೂರ್ವಸಿದ್ಧತೆಗೂ ಬೇರೆಯಾಗಿ ಇಟ್ಟಿತು. ನಮ್ಮ ತಾಲೂಕುಗಳಿಗೆ ಅದರಲ್ಲಿ ಎಷ್ಟು ಬಂತು, ಯಾವ ದರೆಗೆ, ಯಾವ ಕಾಲುಸಂಕಕ್ಕೆ ಹೋಯಿತು? ಒಂದು ಅರ್ಜಿ ಬರೆದು ಕೇಳಿ.

ಈಗ ಮಾಡಬೇಕಾದ್ದು.

ಮಳೆ ಹಿಡಿಯುವ ಮೊದಲೇ ನಿಮ್ಮ ಪಂಚಾಯ್ತಿಯಲ್ಲಿ ಇದೊಂದೇ ವಿಷಯಕ್ಕೆ ಗ್ರಾಮಸಭೆ ಕರೆಯಿರಿ ಎಂದು ಪಿಡಿಒ ಅವರಿಗೂ ಅಧ್ಯಕ್ಷರಿಗೂ ಸಹಿ ಹಾಕಿದ ಮನವಿ ಕೊಡಿ. ಸಭೆಗೆ ಗಂಡಸರಷ್ಟೇ ಹೋಗುವ ಪದ್ಧತಿ ಬಿಡಿ. ಮನೆ ಬಿಡುವಾಗ ಏನೇನು ಬೇಕು ಎಂಬುದು ಮನೆ ನಡೆಸುವವರಿಗೇ ಗೊತ್ತು. ದರೆಯಡಿಯ ಮನೆಗಳು, ನೀರು ಹತ್ತುವ ಮನೆಗಳು, ಅವುಗಳಲ್ಲಿರುವ ಬಸುರಿಯರು, ವಯಸ್ಸಾದವರು, ಅಂಗವಿಕಲರು, ಡಯಾಲಿಸಿಸ್‌ಗೆ ಹೋಗುವವರು, ಇಷ್ಟೂ ಒಂದು ಪಟ್ಟಿಯಾಗಿ ಪಂಚಾಯ್ತಿಯಲ್ಲೂ ಕೇರಿಯಲ್ಲೂ ಇರಬೇಕು. ದಿನ ತುಂಬಿದ ಬಸುರಿಯನ್ನು ರೆಡ್ ಅಲರ್ಟ್‌ಗೆ ಮೊದಲೇ ತಾಲೂಕು ಆಸ್ಪತ್ರೆಯ ಹತ್ತಿರಕ್ಕೆ ತಲುಪಿಸಬೇಕು. ಹೆದ್ದಾರಿಯಲ್ಲೂ ದೇವಿಮನೆ ಘಟ್ಟದಲ್ಲೂ ಒಟ್ಟಿಗೇ ಮಣ್ಣು ಬಿದ್ದರೆ ಕುಮಟಾದಿಂದ ಮಂಗಳೂರೂ ದೂರ, ಹುಬ್ಬಳ್ಳಿಯೂ ದೂರ. ದೊಡ್ಡಾಸ್ಪತ್ರೆ ಬೇಕೆಂಬ ಜಿಲ್ಲೆಯ ಹಳೆಯ ಕೂಗಿಗೆ ಇದೂ ಒಂದು ಕಾರಣ. ಆ ಜಗಳ ಇನ್ನೊಂದು ಕರಪತ್ರಕ್ಕೆ.

ಕಾಳಜಿ ಕೇಂದ್ರ ಯಾವುದು ಎಂದು ಈಗಲೇ ಹೆಸರಿಸಿ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಬರೆದು ಅಂಟಿಸಲಿ. ಹೆಂಗಸರಿಗೆ ಬೇರೆ ಪಾಯಿಖಾನೆ, ದನಕ್ಕೆ ಚಪ್ಪರ ಮತ್ತು ಹುಲ್ಲು, ಖಾಲಿ ಮನೆಗಳ ಕಡೆ ರಾತ್ರಿ ಪೊಲೀಸ್ ಗಸ್ತು ಇರಬೇಕು. ಈ ಮೂರನ್ನು ಸಭೆಯ ನಡಾವಳಿಯಲ್ಲಿ ಬರೆಸದೆ ಏಳಬೇಡಿ.

ಪ್ರತಿ ಕೇರಿಯಲ್ಲಿ ನಾಲ್ಕೈದು ಯುವಕ ಯುವತಿಯರು ಮುಂದೆ ಬನ್ನಿ. ಯಾರು ಯಾವ ಮನೆಯ ಬಾಗಿಲು ತಟ್ಟಬೇಕು, ಯಾರ ದೋಣಿ ಎಲ್ಲಿಗೆ ಬರಬೇಕು ಎಂದು ಗೊತ್ತುಮಾಡಿಕೊಳ್ಳಿ. ರಾತ್ರಿ ಇಡೀ ಯಕ್ಷಗಾನದ ಚಂಡೆ ಕೇಳಿಸುವ ಮೈಕು ನಮ್ಮಲ್ಲಿದೆ, ದೇವಸ್ಥಾನದ ಗಂಟೆ, ಮಸೀದಿಯ ಮೈಕು, ಇಗರ್ಜಿಯ ಗಂಟೆ ಇವೆ. ಕರೆಂಟು ಹೋದರೂ ನಡೆಯುವಂತೆ ಬ್ಯಾಟರಿ ಹಾಕಿಸಿ, ನೆರೆ ಬಂದರೆ ಬಾರಿಸುವ ಒಂದು ಗುರುತನ್ನು ಮೂರೂ ಕಡೆಯವರು ಕೂತು ತೀರ್ಮಾನಿಸಿ. ನೀರಿಗೆ ಜಾತಿ ಗೊತ್ತಿಲ್ಲ, ಭಟ್ಕಳದ ಪೇಟೆಗೆ ನುಗ್ಗಿದಾಗ ಅದು ಯಾರ ಅಂಗಡಿಯನ್ನೂ ಬಿಡಲಿಲ್ಲ.

ಘಟ್ಟದ ಮೇಲೆ ನೆಂಟರಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಸಿದ್ದಾಪುರ, ಶಿರಸಿ ಕಡೆಯ ಹೊಳೆಬದಿಯ ನಾಲ್ಕು ಊರಲ್ಲಿ ಒಬ್ಬೊಬ್ಬರನ್ನು ಹಿಡಿಯಿರಿ. ಹೊಳೆ ಏರಿತು ಎಂದು ಅವರೊಂದು ಫೋನ್ ಮಾಡಿದರೆ ನಮಗೆ ಕೆಲವು ತಾಸು ಸಿಗುತ್ತದೆ. ಅಣೆಕಟ್ಟಿಲ್ಲದ ಹೊಳೆಗೆ ಸದ್ಯಕ್ಕೆ ಇದೇ ಸೈರನ್. ಸರ್ಕಾರ ಸೇತುವೆಗಳ ಹತ್ತಿರ ನೀರಿನ ಮಟ್ಟದ ಮಾಪಕ ಹಾಕುವವರೆಗೂ ಇದನ್ನು ನಡೆಸೋಣ, ಮಾಪಕಕ್ಕಾಗಿ ಒತ್ತಾಯವನ್ನೂ ಮಾಡೋಣ.

ದರೆಯಡಿ ಇರುವವರೇ, ನೆಲದಲ್ಲಿ ಹೊಸ ಬಿರುಕು ಕಂಡರೆ, ಕಂಬ ಅಥವಾ ಮರ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಗುಡ್ಡದ ಒರತೆ ಕೆಂಪಾಗಿ ಹರಿದರೆ ಅಥವಾ ಹರಿಯುತ್ತಿದ್ದದ್ದು ಒಮ್ಮೆಲೇ ನಿಂತರೆ ಯಾರ ಆದೇಶಕ್ಕೂ ಕಾಯಬೇಡಿ. ದನದ ಹಗ್ಗ ಬಿಚ್ಚಿ, ಆಧಾರ್, ರೇಷನ್ ಕಾರ್ಡ್, ಮಾತ್ರೆ, ಬ್ಯಾಟರಿ ಇರುವ ಚೀಲ ಹಿಡಿದು ಹೊರಡಿ. ಆ ಚೀಲ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾಗಿಲ ಹಿಂದೆ ತೂಗುತ್ತಿರಲಿ.

ಈ ನಂಬರುಗಳನ್ನು ಅಡುಗೆಮನೆಯ ಗೋಡೆಗೆ ಬರೆಯಿರಿ:
ಯಾವುದೇ ತುರ್ತಿಗೆ 112
ಜಿಲ್ಲಾ ನಿಯಂತ್ರಣ ಕೊಠಡಿ 1077
ಆಂಬ್ಯುಲೆನ್ಸ್ 108
ಕಡಲಲ್ಲಿ ಸಿಕ್ಕಿಕೊಂಡರೆ ಕೋಸ್ಟ್ ಗಾರ್ಡ್ 1554
ಮಳೆಯ ಮಾಹಿತಿಗೆ ವರುಣಮಿತ್ರ 92433 45433

ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ. ಗ್ರಾಮಸಭೆಗೆ ಬರುವಾಗ ಇದನ್ನು ಕೈಯಲ್ಲಿ ಹಿಡಿದುಕೊಂಡು ಬನ್ನಿ.

— ಅಘನಾಶಿನಿ ದಂಡೆಯ ಕೆಲವು ನಿವಾಸಿಗಳು