ಫುಟ್‌ಬಾಲ್ ಹುಡುಗರ ಬಾಟಲಿಗೆ ತೆರಿಗೆ ಇಳಿಯಿತು
ಅಬುಧಾಬಿ: ಟೂರಿಸ್ಟ್ ಕ್ಲಬ್ ಏರಿಯಾದಿಂದ ಸಂಜೆ ಫುಟ್‌ಬಾಲ್ ತರಬೇತಿಗೆ ಹೊರಡುವ ನಮ್ಮ ಮಕ್ಕಳ ಚೀಲದಲ್ಲಿ ಬಣ್ಣದ ಸ್ಪೋರ್ಟ್ಸ್ ಡ್ರಿಂಕ್ ಸಾಮಾನ್ಯ. ಯುಎಇಯಲ್ಲಿ 2019ರ ಡಿಸೆಂಬರ್‌ನಿಂದ ಸಿಹಿ ಪಾನೀಯಗಳಿಗೆ ಬೆಲೆಯ ಮೇಲೆ ಶೇ 50 ಅಬಕಾರಿ ತೆರಿಗೆಯಿತ್ತು. 2026ರ ಜನವರಿಯಿಂದ ಸಕ್ಕರೆಯ ಪ್ರಮಾಣವೇ ಅಳತೆಗೋಲು: 100 ಮಿ.ಲೀ.ಗೆ 5ರಿಂದ 8 ಗ್ರಾಂ ಒಳಗಿದ್ದರೆ ಲೀಟರಿಗೆ 79 ಫಿಲ್ಸ್, ಅದಕ್ಕಿಂತ ಹೆಚ್ಚಿದ್ದರೆ 1.09 ದಿರ್ಹಂ.

6 ಗ್ರಾಂ ಲೆಕ್ಕದ ಅರ್ಧ ಲೀಟರ್ ಬಾಟಲಿಗೆ ತೆರಿಗೆ ಸುಮಾರು 40 ಫಿಲ್ಸ್, ಮೊದಲಿಗಿಂತ ಕಡಿಮೆಯೇ. ಇಷ್ಟಕ್ಕೆ ಹೆದರಿ ಬಾಟಲಿ ಕೆಳಗಿಡುವ ಹುಡುಗನನ್ನು ನಾನಂತೂ ಕಾಣೆ. ಅದರಲ್ಲಿರುವುದು 30 ಗ್ರಾಂ, ಅಂದರೆ ಏಳು ಚಮಚ ಸಕ್ಕರೆ! ಒಂದು ಗಂಟೆಯ ಆಟಕ್ಕೆ ನೀರು, ಬಾಳೆಹಣ್ಣು ಸಾಕು. ಮನೆಗೆ ಬಂದಮೇಲೆ ಮೊಟ್ಟೆಯೋ ಹೆಸರುಕಾಳಿನ ಪಲ್ಯವೋ ಆಗಲಿ. ಬೇಸಿಗೆಯ ಬೆವರಿಗೆ ಉಪ್ಪು ಹಾಕಿದ ಮಜ್ಜಿಗೆ. ಊರಿನ ಅಜ್ಜಿಯರು ರಜೆ ಮುಗಿಸಿ ಹೊರಡುವವರ ಲಗೇಜಿನಲ್ಲಿ ರಾಗಿ ಹುರಿಹಿಟ್ಟು ಇಟ್ಟು ಕಳುಹಿಸಲಿ; ಬೆಳೆಯುವ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿದೆ, ಅಬಕಾರಿ ತೆರಿಗೆಯೂ ಇಲ್ಲ.