ಕ್ಲೇಮ್ ಆಗದ ಜ್ವರ

ನೌಕರರ ಆರೋಗ್ಯ ವಿಮೆಯ ಖರ್ಚು ಇಳಿಸೋಕೆ ಕಂಪನಿಗಳು ಕ್ಲೇಮ್ ಡೇಟಾ ನೋಡ್ತಾವೆ. ನಾವೂ ನಾಳೆ ಇದೇ ಕೆಲಸಕ್ಕೆ ಸೇರೋರು. ಆದ್ರೆ ಕ್ಲೇಮ್ ಆಗದೇ ಇರೋದರ ಲೆಕ್ಕ?

ನಮ್ಮಲ್ಲೊಬ್ಬನ ಊರು ಸೊರಬದ ಕುಬಟೂರು. 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಶುರುವಾದಾಗ ಕಂತು ವರ್ಷಕ್ಕೆ 60 ರೂಪಾಯಿ. ದುಡ್ಡು ಸಿಕ್ಕಿದ್ದು ಮುಖ್ಯವಾಗಿ ಆಪರೇಷನ್ನಿಗೆ. ಹಾಗಾಗಿ ಆ ಡೇಟಾದಲ್ಲಿ ಹಾರ್ಟ್ ಇದೆ, ಜ್ವರ ಇಲ್ಲ. ಇದೇ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ ಅಲ್ವಾ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದು! ಉಣ್ಣೆ ಕಚ್ಚಿ ಮಲಗಿದವರ ಬಸ್ ಚಾರ್ಜು, ತಪ್ಪಿಹೋದ ಕೂಲಿ ಯಾವ ಕಾಲಮ್ಮಲ್ಲೂ ಬರಲ್ಲ. ಗ್ರಾಫ್ ಮಾತ್ರ 'ಖರ್ಚು ಕಡಿಮೆ' ಅನ್ನತ್ತೆ.

ಕಂತು ನಿಗದಿ ಮಾಡೋ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಜ್ವರದ ರಿಜಿಸ್ಟರನ್ನೂ ಕ್ಲೇಮ್ ಪಟ್ಟಿ ಪಕ್ಕದಲ್ಲಿಟ್ಟು ನೋಡಿ ಅನ್ನೋದು ನಮ್ಮ ವಾದ.